ಸೇಸಪ್ಪನ ಅಂಚೆ ಡಿಗ್ರಿ

೧೯೭೮ನೇ ಇಸವಿ ಜೂನ್ ೧೯, ಸೋಮವಾರ. ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ ಸೇಸಪ್ಪ ಕೆಮಿಸ್ಟ್ರಿ ವಿಭಾಗದ ಮುಖ್ಯಸ್ಥ ಸರ್ವೋತ್ತಮ ಶೆಟ್ಟರ ಮೇಜಿನ ಮುಂದೆ ನಿಂತು, ಪ್ಲಾಸ್ಟಿಕ್ ಚೀಲದಿಂದ ತನ್ನ ಬಿ.ಎ. ಸರ್ಟಿಫಿಕೇಟನ್ನು ಹೊರತೆಗೆದ. ಕೈಯ ಪಸೆ ತಾಗಬಾರದೆಂದು ಬೆರಳುಗಳನ್ನು ಎರಡೆರಡು ಸಲ ಒರೆಸಿಕೊಂಡೇ ಒಳಗೆ ಬಂದಿದ್ದ.

ಹದಿನೇಳು ವರ್ಷಗಳಿಂದ ಅವನು ಆ ಕಾಲೇಜಿನ ಲ್ಯಾಬ್ ಅಟೆಂಡರ್. ದ್ರಾವಣ ತಯಾರಿಸುವವನು, ಬ್ಯೂರೆಟ್ ತೊಳೆಯುವವನು, ಪರೀಕ್ಷೆಯ ದಿನ ಹುಡುಗರು ಗುರುತಿಸಬೇಕಾದ ಲವಣಗಳನ್ನು ಪೊಟ್ಟಣ ಕಟ್ಟುವವನು ಅವನೇ. ನಾಲ್ಕು ವರ್ಷಗಳ ಹಿಂದೆ ಪರವೂರಿನ ಪರೀಕ್ಷಕರೊಬ್ಬರು ಅವನ ದ್ರಾವಣಗಳನ್ನು ಪರಿಶೀಲಿಸಿ ತಲೆದೂಗಿದಾಗ ಶೆಟ್ಟರು ಎಲ್ಲರೆದುರು ಅಂದಿದ್ದರು:

"ನಿನಗೊಂದು ಡಿಗ್ರಿ ಇದ್ದಿದ್ರೆ ನಾಳೆಯೇ ಡೆಮಾನ್‌ಸ್ಟ್ರೇಟರ್ ಮಾಡ್ತಿದ್ದೆ ಮಾರಾಯ!"

ಅವರು ಆಡಿದ್ದು ಹೊಗಳಿಕೆ. ಸೇಸಪ್ಪ ಕೇಳಿಸಿಕೊಂಡದ್ದು, ಹುಡುಗರಿಗೆ ಪ್ರಯೋಗ ಕಲಿಸುವ ಆ ಹುದ್ದೆಯ ಮಾತು ಕೊಟ್ಟ ಹಾಗೆ.

ಪಿ.ಯು.ಸಿ.ಗೆ ಓದು ನಿಲ್ಲಿಸಿದ್ದವನು ಆ ವಾರವೇ ಅಂಚೆ ಶಿಕ್ಷಣಕ್ಕೆ ಅರ್ಜಿ ಹಾಕಿದ. ಬಿ.ಎಸ್ಸಿ. ಎಂದು ಬರೆದ ಅರ್ಜಿ ಹಿಂದಕ್ಕೆ ಬಂತು. ವಿಜ್ಞಾನಕ್ಕೆ ಪ್ರಯೋಗಾಲಯ ಬೇಕು, ಅದನ್ನು ಅಂಚೆಯಲ್ಲಿ ಕಲಿಸಲಾಗದು ಎಂದಿತ್ತು ಜತೆಗಿನ ಕಾಗದ. ಅದನ್ನು ಅವನು ಓದಿದ್ದು ಪ್ರಯೋಗಾಲಯದಲ್ಲೇ ನಿಂತು. ಡಿಗ್ರಿ ಎಂದರೆ ಡಿಗ್ರಿ, ಯಾವುದಾದರೇನು ಎಂದು ಬಿ.ಎ.ಗೆ ಸೇರಿದ. ಕೊಳೆತ ಮೊಟ್ಟೆಯ ವಾಸನೆ ಹೊಡೆಯುವ ಗ್ಯಾಸ್ ಕೋಣೆಗೆ ಬೇರೆ ಯಾರೂ ಕಾಲಿಡುತ್ತಿರಲಿಲ್ಲವಾದ್ದರಿಂದ ಅಲ್ಲಿಯೇ ಸ್ಟೂಲು ಹಾಕಿ ಕೂತು ಇತಿಹಾಸ, ಅರ್ಥಶಾಸ್ತ್ರ ಓದಿದ. ಪಾಠದ ಹಾಳೆಗಳಲ್ಲಿ ಆಸಿಡ್ ಬಿದ್ದ ತೂತುಗಳಿದ್ದವು. ಮೊದಲ ವರ್ಷ ಒಂದು ಪೇಪರು ಹೋಯಿತು. ಮತ್ತೆ ಕಟ್ಟಿ ಪಾಸಾದ.

ಈ ದಿನ ಬೆಳಿಗ್ಗೆ ಬೋಳೂರಿನ ಮನೆಯಿಂದ ಹೊರಡುವಾಗ, ಮೀನಿನ ಬುಟ್ಟಿ ಸೊಂಟಕ್ಕಿಟ್ಟುಕೊಂಡ ಹೆಂಡತಿ ಮೋಹಿನಿ ಕೀಟಲೆ ಮಾಡಿದ್ದಳು: "ಇನ್ನು ನಿಮಗೆ ಈ ಅಗ್ಗದ ಬೂತಾಯಿ ಸಾರು ಆದೀತಾ, ಇಲ್ಲ ಸಾಹುಕಾರ್ರ ಅಂಜಲ್ ಮೀನೇ ಆಗ್ಬೇಕಾ?"

ಶೆಟ್ಟರು ಸರ್ಟಿಫಿಕೇಟನ್ನು ಓದಿದರು. ಕನ್ನಡಕ ತೆಗೆದು ಮತ್ತೊಮ್ಮೆ ಓದಿದರು.

"ಬಿ.ಎ.ಯಾ? ಕೆಮಿಸ್ಟ್ರಿ ಲ್ಯಾಬಿಗೆ ಬಿ.ಎ. ಎಂತಕ್ಕೆ ಮಾರಾಯ?"

"ಸೈನ್ಸ್ ಪೋಸ್ಟಲ್ಲಿ ಕೊಡುದಿಲ್ಲ ಸರ್. ನೀವು ಅವತ್ತು ಒಂದು ಡಿಗ್ರಿ ಅಂತ..."

"ನಾನಾ? ಯಾವಾಗ?"

ಅವರು ಸುಳ್ಳು ಹೇಳುತ್ತಿರಲಿಲ್ಲ. ನಿಜಕ್ಕೂ ಮರೆತಿದ್ದರು.

"ಡೆಮಾನ್‌ಸ್ಟ್ರೇಟರ್ ಹುದ್ದೆ ತುಂಬಿಯೂ ಆಯ್ತು. ಇವ ನನ್ನ ಅಳಿಯ, ತಂಗಿಯ ಮಗ," ಎಂದು ಶೆಟ್ಟರು ಕಿಟಕಿಯ ಬಳಿ ಕೂತಿದ್ದ ಯುವಕನತ್ತ ಕೈ ತೋರಿಸಿದರು. "ನಿನಗೆ ಗೊತ್ತುಂಟಲ್ಲ, ನಮ್ಮಲ್ಲೇ ಓದಿದವ. ಮಧ್ಯಾಹ್ನದ ಬ್ಯಾಚಿಗೆ ಮೊದಲು ಬ್ಯಾಲೆನ್ಸ್ ಒಮ್ಮೆ ತೋರಿಸಿಕೊಡು."

ಗೊತ್ತಿಲ್ಲದೆ ಏನು? ಎರಡು ವರ್ಷಗಳ ಹಿಂದೆ ಬಿ.ಎಸ್ಸಿ. ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಇದೇ ಚಿತ್ತರಂಜನ ಬೆವರಿ, "ಸೇಸಪ್ಪಣ್ಣ, ದಮ್ಮಯ್ಯ!" ಎಂದು ಉಸಿರಿನಲ್ಲೇ ಬೇಡಿದ್ದ. ಮೇಜು ಒರೆಸುವ ನೆಪದಲ್ಲಿ ಬಗ್ಗಿದ ಸೇಸಪ್ಪ, "ಬೇರಿಯಂ ಕ್ಲೋರೈಡ್" ಎಂದು ಲವಣದ ಹೆಸರು ಪಿಸುಗುಟ್ಟಿದ್ದ.

"ನಡಿ ಸೇಸಪ್ಪ," ಎಂದು ಚಿತ್ತರಂಜನ ಎದ್ದ. ಹೆಸರಿನ ಕೊನೆಯ ಅಣ್ಣ ಉದುರಿಹೋಗಿತ್ತು.

ಬ್ಯಾಲೆನ್ಸ್ ಕೋಣೆಯಲ್ಲಿ ಅವನು ಸೂಕ್ಷ್ಮ ತಕ್ಕಡಿಯ ಗಾಜಿನ ಪೆಟ್ಟಿಗೆಯ ಬಾಗಿಲೆತ್ತಿ, ಹತ್ತು ಗ್ರಾಂ ತೂಕದ ಬಟ್ಟನ್ನು ಬೆರಳಲ್ಲೇ ಎತ್ತಿಕೊಂಡ.

"ಕೈಯಲ್ಲಿ ಮುಟ್ಟಬಾರದು... ಸರ್," ಎಂದ ಸೇಸಪ್ಪ ಇಕ್ಕುಳ ಕೊಟ್ಟ. ಆ 'ಸರ್' ನಾಲಿಗೆಯಿಂದ ತಾನಾಗಿ ಬಂತು. ಹದಿನೇಳು ವರ್ಷದ ರೂಢಿ.

"ಎಂತದ್ದು ತೂಗುದು ಈಗ?"

ಶೆಟ್ಟರು ಹಿಂದಿರುಗಿಸಿದ್ದ ಸರ್ಟಿಫಿಕೇಟನ್ನು ಸೇಸಪ್ಪ ಚೀಲದಿಂದ ತೆಗೆದ. ತಕ್ಕಡಿಯ ತಟ್ಟೆ ಅಂಗೈಯಗಲದ್ದು. ಮಡಚಿದ. ಉಗುರಿನಿಂದ ಮಡಿಕೆ ತೀಡಿ ಮತ್ತೆ ಮಡಚಿದ. ಮತ್ತೂ ಎರಡು ಸಲ.

"ಅಯ್ಯೋ, ಅದು ನಿಮ್ಮ ಸರ್ಟಿಫಿಕೇಟಲ್ವಾ ಮಾರಾಯ್ರೆ!" ಚಿತ್ತರಂಜನ ಗಾಬರಿಯಲ್ಲಿ ಬಹುವಚನಕ್ಕೆ ಮರಳಿದ.

"ಹೌದು. ಕಾಗದ ಗಾಳಿಯ ತೇವ ಹೀರ್ತದೆ. ಬೇಗ ತೂಗಬೇಕು."

ಸೇಸಪ್ಪ ಇಕ್ಕುಳದಿಂದ ಬಟ್ಟುಗಳನ್ನು ಒಂದೊಂದಾಗಿ ಇಟ್ಟ, ಬಾಗಿಲು ಇಳಿಸಿದ, ದಂಡದ ಮೇಲಿನ ತಂತಿಯ ಕೊಕ್ಕೆಯನ್ನು ಕೂದಲೆಳೆಯಷ್ಟು ಸರಿಸಿದ. ಮುಳ್ಳು ಎಡಕ್ಕೂ ಬಲಕ್ಕೂ ಸಮನಾಗಿ ತೂಗಾಡತೊಡಗಿತು. ಇವತ್ತೂ ಬೂತಾಯಿ ಸಾರೇ ಎಂದುಕೊಂಡ.

"ಬರ್ಕೊಳ್ಳಿ ಸರ್," ಎಂದ.

ಚಿತ್ತರಂಜನ ಪೆನ್ನು ತೆಗೆದ. ಸೇಸಪ್ಪ ಒಂದೊಂದೇ ಅಂಕಿ ಹೇಳಿ ಬರೆಸಿದ: ೯.೪೮೩೭ ಗ್ರಾಂ.