ಕಂಬದಡಿಯ ಮಣೆ

ಗಾಳಿ ಬಂದಾಗಲೆಲ್ಲ ನಮ್ಮ ದೋಣಿಯ ತಂತಿಗಳು ಕಂಬಕ್ಕೆ ಬಡಿಯುತ್ತಿವೆ, ಸಡಿಲು, ಪಕ್ಕದ ಹಾಯಿದೋಣಿಗಳ ತಂತಿ ಹೀಗೆ ಬಡಿಯುವುದಿಲ್ಲ, ಮೇ ತಿಂಗಳಾದರೂ ಕೆನಡಾದ ಈ ಬರ್ಲಿಂಗ್ಟನ್ನಿನ ಸರೋವರದ ದಂಡೆಯಲ್ಲಿ ಈ ಚಳಿ, ಸೀರೆಯ ಮೇಲೆ ನಮ್ಮ ಮನೆಯವರದೇ ಜಾಕೆಟ್ಟು ಹಾಕಿಕೊಂಡಿದ್ದೇನೆ, ತೋಳು ಉದ್ದವಾಗಿ ಬೆರಳು ಮುಚ್ಚಿದೆ, ಮಡಿಲಲ್ಲಿ ಅವರ ಪೂಜೆಯ ಮಣೆ — ವೈನಿ, ಕಂಬದ ಬುಡಾ ತಿಂದಹೋಗಿತ್ತರಿ, ಎರಡ ಇಂಚ ಕೊಯ್ದೇನಿ, ಈಗ ಗಿಡ್ಡ ಆಗೇದ, ನಾಳೆ ನಿಲ್ಲಿಸಿದಾಗ ತಿರುಪು ಪೂರಾ ತಿರುವಿದ್ರೂ ತಂತಿ ಬಿಗಿಯೂದಿಲ್ಲ, ಕಂಬದ ತೆಳಗ ಇಡಾಕ ಸಾಗವಾನಿ ತುಂಡ ಇದ್ರ ತರ್ರಿ ಎಂದು ನಿನ್ನೆ ಭರತೇಶ ಫೋನಿನಲ್ಲಿ ಹೇಳಿದ, ಅವರೊಡನೆ ಇಪ್ಪತ್ತು ವರ್ಷ ರೆಕ್ಸ್‌ಡೇಲಿನ ಕಾರ್ಖಾನೆಯಲ್ಲಿ ಲೇಥ್ ನಡೆಸಿದವನು, ಮನೆಯಲ್ಲಿದ್ದ ಸಾಗವಾನಿಯೆಂದರೆ ಇದೊಂದೇ, ಧಾರವಾಡದಿಂದ ಧೋತರದಲ್ಲಿ ಸುತ್ತಿ ತಂದದ್ದು, ದಿನವೂ ಬೆಳಗ್ಗೆ ಇದರ ಮೇಲೆ ಕೂತು ಇಷ್ಟಲಿಂಗವನ್ನು ಅಂಗೈಯಲ್ಲಿ ಹಿಡಿದು ನೋಡುತ್ತಿದ್ದರು, ಬೆನ್ನು ನೆಟ್ಟಗೆ, ನಾನು ಹಾಲು ಕಾಯಿಸುತ್ತ ಆ ಬೆನ್ನನ್ನು ನೋಡುತ್ತಿದ್ದೆ, ನಲವತ್ತು ವರ್ಷ ಅದೇ ನನ್ನ ಪೂಜೆಯಾಗಿತ್ತೇನೋ.

ಅವ್ವಾ, ಸೀರಿಯಸ್ಲಿ, ಅಪ್ಪಾಂದು ಮಣಿ ಕಟ್ ಮಾಡಸ್ತೀಯಾ, ಸ್ಟೋರಿಗೆ ಹೋಗಿ ಬೇರೆ ವುಡ್ ತರ್ತೀನಿ — ಮಗಳು ತೃಪ್ತಿಯ ಕಣ್ಣು ಕೆಂಪಾಗಿದೆ, ಕಂಬ ಹಿಡಿದು ನಿಂತ ಕ್ರೇನಿನವನು ಗಡಿಯಾರ ನೋಡುತ್ತಾನೆ, ನಮ್ಮ ಸರದಿ ಹನ್ನೊಂದರವರೆಗೆ ಮಾತ್ರ, ತಪ್ಪಿದರೆ ದೋಣಿ ಈ ಬೇಸಿಗೆಯೂ ನೆಲದ ಮೇಲೆಯೇ, ಇವಳಿಗೆ ಏನು ಹೇಳಲಿ, ಹೋದ ವರ್ಷ ಇವಳು ಅತ್ತದ್ದು ಅಪ್ಪ ಹೋದರೆಂದು, ನಾನು ಅತ್ತದ್ದು ಮಲಗಿಸಿದೆವಲ್ಲ ಎಂದು, ಊರಿನಲ್ಲಾಗಿದ್ದರೆ ಮಣ್ಣಿನಲ್ಲಿ ಕೂಡಿಸುತ್ತಿದ್ದರು, ಅಂಗೈಯಲ್ಲಿ ಲಿಂಗವಿಟ್ಟು, ಸುತ್ತ ವಿಭೂತಿ ಪತ್ರಿ ತುಂಬಿ, ಇಲ್ಲಿ ಪೆಟ್ಟಿಗೆ, ಲಿಂಗವಿಟ್ಟು ಬೆರಳು ಮಡಚಿದವಳು ನಾನೇ, ಕೂತಿರಬೇಕಾದವರು ಮಲಗಿದ್ದರು, ಅಂದಿನಿಂದ ಕಣ್ಣು ಮುಚ್ಚಿದರೆ ಆ ಬೆನ್ನು ಪೆಟ್ಟಿಗೆಯ ಬಿಳಿ ಬಟ್ಟೆಗೆ ಒತ್ತಿದ್ದೇ ಕಾಣುತ್ತದೆ, ಶಿವನೇ ತಪ್ಪಾಯಿತು — ಈ ಕಂಬವೂ ಹಿಮದಡಿ ಮಲಗಿಯೇ ಇತ್ತು, ಎರಡು ಚಳಿಗಾಲ.

ಕೊಯ್ಯಪಾ ಭರತೇಶ ಎಂದೆ. ಪೂಜಿ ಮಣಿರಿ ಇದು, ಕಂಬದ ಕಾಲಾಗ ಇಡೂದಾ ಎಂದ. ಅವರ ಹಿಮ್ಮಡಿ ದಿನಾ ತಾಗತಿತ್ತಲ್ಲ, ಶಿವ ಏನ ಸಿಟ್ಟಾಗಿದ್ದಿಲ್ಲ ಎಂದೆ, ಎಷ್ಟು ಸಲೀಸಾಗಿ ಬಂತು ಮಾತು. ನಿಜಗುಣಣ್ಣ ಇದ್ದಿದ್ರ ಮೂರ ಸಲಾ ಅಳತಿ ಕೇಳತಿದ್ರು, ನಾ ಎರಡ ಸಲಾ ತಪ್ಪತಿದ್ದೆ ಎಂದು ಅವನು ಗರಗಸ ಎತ್ತಿಕೊಂಡ, ತೃಪ್ತಿ ಬಂದು ಮಣೆಯ ಇನ್ನೊಂದು ತುದಿ ಒತ್ತಿ ಹಿಡಿದಳು, ಹೊಟ್ಟು ಅವಳ ಮುಂಗೈ ಮೇಲೆ ಉದುರುತ್ತಿದೆ, ಎಷ್ಟು ವರ್ಷವಾದರೂ ಒಳಗೆ ಸಾಗವಾನಿಯ ವಾಸನೆ ಹಾಗೆಯೇ, ನಡುವೆ ಅವರು ಕೂತು ಸವೆದ ಜಾಗವನ್ನೇ ಉಳಿಸಿ ನಾಲ್ಕು ಕಡೆ ಕೊಯ್ದ, ಕ್ರೇನು ಕಂಬವನ್ನು ಗೇಣಷ್ಟು ಎತ್ತಿತು, ತುಂಡು ಒಳಗೆ ಸರಿಯಿತು, ಕಂಬ ಇಳಿಯಿತು, ಭರತೇಶ ಎಡಕ್ಕೊಂದು ಸುತ್ತು ಬಲಕ್ಕೊಂದು ಸುತ್ತು ತಿರುಪು ಬಿಗಿಯುತ್ತಾನೆ, ಒಂದು ಕಣ್ಣು ಮುಚ್ಚಿ ಕೆಳಗಿನಿಂದ ನೋಡುತ್ತಾನೆ, ಈಗ ವಾಲೂದಿಲ್ಲ ನೋಡ್ರಿ ವೈನಿ, ಕ್ರೇನಿನ ಕೊಂಡಿ ಕಳಚಿತು, ಕಂಬವನ್ನು ಯಾರೂ ಹಿಡಿದಿಲ್ಲ, ತಾನೇ ನಿಂತಿದೆ, ನಾನು ಕಣ್ಣು ಮುಚ್ಚುತ್ತೇನೆ, ಹೆದರುತ್ತಲೇ, ಬಿಳಿ ಬಟ್ಟೆ ಇಲ್ಲ, ಪೆಟ್ಟಿಗೆ ಇಲ್ಲ, ಮಣೆ, ಮಣೆಯ ಮೇಲೆ ನೀರಿನ ಕಡೆ ಮುಖ ಮಾಡಿದ ಬೆನ್ನು, ನೆಟ್ಟಗೆ, ಬೆನ್ನು —