ಹೆಸರಿಗೆ ಮೂವತ್ತು ದಿನ ರಜೆ

ಬಿಸಿ ತವೆಯ ಮೇಲೆ ಒತ್ತಿ ತೆಗೆದ ಹಳೆ ಬಟ್ಟೆಯ ವಾಸನೆ, ಅದರೊಳಗೆ ಕರಗಿದ ಕರ್ಪೂರದೆಣ್ಣೆಯ ಘಾಟು. ಪಟ್ಟಿಯಕ್ಕನಿಗೆ ಆರು ವರ್ಷವಾಗಿದ್ದಾಗ ಮನೆಯೆಂದರೆ ಆ ವಾಸನೆಯೇ. ಅಪ್ಪ ದಿನವಿಡೀ ಮೂಟೆ ಹೊತ್ತು ಬಂದು ನೆಲದ ಮೇಲೆ ಬೋರಲು ಬೀಳುತ್ತಿದ್ದ. ಅಮ್ಮ ಬಟ್ಟೆಯನ್ನು ಉಂಡೆ ಮಾಡಿ ಅವನ ಬೆನ್ನಿಗೆ ಶಾಖ ಕೊಡುತ್ತಿದ್ದಳು. ಎರಡು ದಿನ ಮಲಗಲಿ ಎನ್ನುವುದು ಅಮ್ಮನ ಮಾತು, ನಾಳೆಯೇ ಬರಬೇಕು ಎನ್ನುವುದು ಮೇಸ್ತ್ರಿಯ ಮಾತು. ನಡೆಯುತ್ತಿದ್ದುದು ಯಾವಾಗಲೂ ಮೇಸ್ತ್ರಿಯದೇ.

ಈಗ ಐವತ್ತೆಂಟರ ವಯಸ್ಸಿನಲ್ಲಿ ಅದೇ ವಾಸನೆಯನ್ನು ಅವಳು ತನ್ನ ಕೈಯಿಂದಲೇ ಎಬ್ಬಿಸುತ್ತಾಳೆ. ಬಾಕ್ಸಿಂಗ್ ಹಾಲಿನ ಮೆಟ್ಟಿಲ ಕೆಳಗಿನ ಕೋಣೆ. ಒಂದು ಮರದ ಹಲಗೆ, ಒಂದು ಸ್ಟೌ, ಸದಾ ತೊಟ್ಟಿಕ್ಕುವ ನಲ್ಲಿ. ಪಂದ್ಯ ಮುಗಿಸಿ ಬಂದವರ ಊತ ಇಳಿಸುವುದು, ಸೀಳಿದ ಹುಬ್ಬನ್ನು ಒತ್ತಿ ಹಿಡಿಯುವುದು, ಮುಂದಿನ ಪಂದ್ಯದ ದಿನ ಭುಜ ಸಡಿಲಿಸಿ ಎರಡೂ ಕೈಗೆ ಪಟ್ಟಿ ಕಟ್ಟುವುದು ಅವಳ ಕೆಲಸ. ಪಟ್ಟಿಯಕ್ಕ ಎಂಬ ಹೆಸರು ಬಂದದ್ದೂ ಅದರಿಂದಲೇ.

ಆ ಭಾನುವಾರ ಮಧ್ಯಾಹ್ನ ಹಲಗೆಯ ಮೇಲೆ ಬೋರಲು ಮಲಗಿದ್ದವನು ಅವಳ ಸತ್ತ ತಂಗಿಯ ಮಗ. ಅವನ ಕತ್ತಿಗೆ ಶಾಖ ಕೊಡುತ್ತಿದ್ದಾಗ ಹಾಲಿನ ಯಜಮಾನ ಬಾಗಿಲನ್ನು ಕಾಲಿನಿಂದ ತಳ್ಳಿಕೊಂಡು ಬಂದ.

"ಏ ಮುದುಕಿ, ಇನ್ನೂ ಎಷ್ಟೊತ್ತು ಉಜ್ತೀಯ? ಹೆಣ ತೊಳೀತಿದೀಯಾ?"

ಅವಳ ಕೈ ನಿಲ್ಲಲಿಲ್ಲ. "ಕತ್ತು ಇನ್ನೂ ತಿರುಗ್ತಿಲ್ಲ, ಯಜಮಾನ್ರೆ. ಇವತ್ತು ಬೇಡ."

"ಕತ್ತು ತಿರುಗಿಸೋಕೆ ಇವನೇನು ಡ್ಯಾನ್ಸ್ ಮಾಡ್ತಾನಾ? ಮುಂದೆ ನೋಡ್ಕೊಂಡು ಹೊಡೆದ್ರೆ ಸಾಕು."

"ಬಿದ್ದು ಹನ್ನೊಂದೇ ದಿನ ಆಗಿದೆ."

"ಯಾರು ಬಿದ್ದಿದ್ದು?" ಯಜಮಾನ ಜೇಬಿನಿಂದ ಹೊಸ ಕಾರ್ಡೊಂದನ್ನು ತೆಗೆದು ಅವಳ ಮೂಗಿಗೆ ಹಿಡಿದ. "ಬಿದ್ದಿದ್ದು ಗುಡುಗು. ಅವನಿಗೆ ಮೂವತ್ತು ದಿನ ರಜೆ ಅಂತ ಪುಸ್ತಕದಲ್ಲೇ ಬರೆದಿದೆ. ಇವನು ಸಿಡಿಲು. ಇವತ್ತೇ ಮೊದಲ್ನೇ ಪಂದ್ಯ."

ಹತ್ತು ಎಣಿಸುವವರೆಗೂ ಏಳದೆ ಬಿದ್ದವನು ಮೂವತ್ತು ದಿನ ರಿಂಗಿಗೆ ಇಳಿಯಬಾರದೆಂದು ಬಾಕ್ಸಿಂಗ್ ಮಂಡಳಿಯ ನಿಯಮ. ಆದರೆ ಮಂಡಳಿಯ ಪುಸ್ತಕದಲ್ಲಿ ಇರುತ್ತಿದ್ದುದು ರಿಂಗಿನಲ್ಲಿ ಕೂಗುವ ಹೆಸರು ಮಾತ್ರ. ಯಜಮಾನ ಅದಕ್ಕೊಂದು ದಾರಿ ಕಂಡುಕೊಂಡಿದ್ದ. ಬಿದ್ದವನ ತಲೆ ಬೋಳಿಸಿ, ಹೊಸ ಫೋಟೊ ಹಿಡಿಸಿ, ಹೊಸ ಹೆಸರಿನ ಕಾರ್ಡು ಮಾಡಿಸುತ್ತಿದ್ದ. ಆ ಹಾಲಿನಲ್ಲಿ ಹಾಗೆ ಒಂದು ಹೆಸರಿನಲ್ಲಿ ಬಿದ್ದು ಇನ್ನೊಂದು ಹೆಸರಿನಲ್ಲಿ ಎದ್ದವರು ನಾಲ್ಕೈದು ಮಂದಿ ಇದ್ದರು. ಹೆಸರು ಪುಸ್ತಕದಲ್ಲಿ ಮಲಗಿರುತ್ತಿತ್ತು, ಮೈ ಏಟು ತಿನ್ನಲು ಹೋಗುತ್ತಿತ್ತು.

"ಗುಡುಗು ಆದ್ಮೇಲೆ ಸಿಡಿಲು. ಹೆಂಗಿದೆ ನನ್ನ ತಲೆ?"

"ಸಿಡಿಲು ಮೊದಲು ಬಡಿಯೋದು, ಯಜಮಾನ್ರೆ. ಗುಡುಗು ಕೇಳ್ಸೋದು ಆಮೇಲೆ."

"ಬಾಯ್ಮುಚ್ಚೇ, ಮುಂಡೆ. ಇವನು ಇವತ್ತು ಏಳ್ಲಿಲ್ಲ ಅಂದ್ರೆ ಗೋಡೌನಿನ ಕೆಲಸಕ್ಕೂ ರಜೆ, ನೀವಿಬ್ರೂ ಬಿದ್ಕೊಂಡಿರೋ ಕೋಣೆಗೂ ರಜೆ."

ಗೋಡೌನೂ ಅವನದೇ, ಸಾಲುಮನೆಯ ಕೋಣೆಯೂ ಅವನದೇ. ಅವನು ಹೋಗುತ್ತ ಬಾಗಿಲು ಬಡಿದ ಸದ್ದಿಗೆ ಹಲಗೆಯ ಮೇಲಿದ್ದವನು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡ.

ಈ ಹನ್ನೊಂದು ದಿನ ಅವನು ಹೇಗಿದ್ದನೆಂದು ಅವಳಿಗೊಬ್ಬಳಿಗೇ ಗೊತ್ತು. ಮೊದಲ ಮೂರು ದಿನ ನೀರು ಕುಡಿದರೂ ವಾಂತಿ. ಆಮೇಲೆ ಬೆಳಕು ಕಣ್ಣಿಗೆ ಚುಚ್ಚುತ್ತದೆಂದು ಕಿಟಕಿಗೆ ಗೋಣಿತಾಟು ಕಟ್ಟಿಸಿಕೊಂಡ. ಪಕ್ಕದ ಮನೆಯ ಬಾಣಂತಿ ಏನೂ ಕೇಳದೆ, ಅಳುವ ಕೂಸನ್ನು ಎತ್ತಿಕೊಂಡು ದಿನವೂ ಸಾಲಿನ ಆ ತುದಿಗೆ ಹೋಗಿ ಕೂರುತ್ತಿದ್ದಳು. ಎಂಟನೇ ದಿನ ಅವನು ಎದ್ದು ಕೊಡ ಹಿಡಿದು ನಲ್ಲಿಯ ಹತ್ತಿರ ಹೋದ. ಹೋದವನು ಯಾಕೆ ಬಂದೆನೆಂದು ಮರೆತು, ಖಾಲಿ ಕೊಡ ಸೊಂಟಕ್ಕಿಟ್ಟುಕೊಂಡು ಹಾಗೇ ನಿಂತಿದ್ದ. ಅವಳು ಮೊದಲು ಇಪ್ಪತ್ತು ವರ್ಷ ಆಸ್ಪತ್ರೆಯಲ್ಲಿ ಆಯಾ ಆಗಿದ್ದವಳು. ಇಂಥ ತಲೆಗಳನ್ನು ಕಂಡಿದ್ದಳು. ಸುಮ್ಮನೆ ಮಲಗಲು ಬಿಟ್ಟರೆ ಏಳುತ್ತಿದ್ದರು. ಏಳುವ ಮೊದಲೇ ಇನ್ನೊಂದು ಏಟು ಬಿದ್ದವರನ್ನು ಅವಳೇ ಬಿಳಿ ಬಟ್ಟೆ ಹೊದಿಸಿ ಕಳಿಸಿದ್ದಳು.

ಪಂದ್ಯಕ್ಕೆ ಮೊದಲು ಪರೀಕ್ಷೆ ಮಾಡುವ ಡಾಕ್ಟರು ಟಿಕೆಟ್ ಕೌಂಟರಿನ ಪಕ್ಕ ಮೇಜು ಹಾಕಿಕೊಂಡು ಕೂತಿದ್ದರು. ತಂಗಿಯ ಮಗನ ಮೊಣಕೈ ಹಿಡಿದು ಅವಳು ಮುಂದೆ ನಿಲ್ಲಿಸಿದಳು. ಡಾಕ್ಟರು ಕಾರ್ಡು ನೋಡಿದರು, ಮುಖ ನೋಡಲಿಲ್ಲ.

"ಹೆಸರು?"

"ಗುಡುಗು," ಎಂದ ಅವನು.

ಡಾಕ್ಟರ ಪೆನ್ನು ನಿಂತಿತು. ಸಾಲಿನಲ್ಲಿದ್ದವರು ಕಿಸಕ್ಕೆಂದರು.

"ಕಾರ್ಡು ನೋಡ್ಕೊಂಡು ಹೇಳಪ್ಪ," ಎಂದರು ಡಾಕ್ಟರು ನಗುತ್ತ.

ಅವನು ಕಾರ್ಡನ್ನು ಕಣ್ಣಿನ ಹತ್ತಿರ ಹಿಡಿದ, ದೂರ ಹಿಡಿದ. ಅಕ್ಷರಗಳು ನಿಲ್ಲುತ್ತಿರಲಿಲ್ಲ. "ನೀವೇ ಓದಿ ಸಾರ್."

"ಸಿಡಿಲು," ಎಂದು ಡಾಕ್ಟರೇ ಹೇಳಿ ಡಾಕ್ಟರೇ ಬರೆದುಕೊಂಡರು.

"ಡಾಕ್ಟ್ರೆ, ಒಂದ್ಸಲ ಕಣ್ಣಿಗೆ ಲೈಟ್ ಬಿಟ್ಟು ನೋಡಿ," ಎಂದಳು ಪಟ್ಟಿಯಕ್ಕ. "ನಿಮ್ಮ ಕಾಲಿಗೆ ಬೀಳ್ತೀನಿ. ಬೆಳಗ್ಗೆಯಿಂದ ನೆಟ್ಟಗೆ ನಿಲ್ತಾನೇ ಇಲ್ಲ."

"ಯಾವ ಕಾಲೇಜಲ್ಲಿ ಓದಿದ್ದಮ್ಮ ನೀನು?"

"ಓದಿಲ್ಲ. ಗಾಯ ತೊಳೆದಿದೀನಿ."

"ಹಾಗಿದ್ರೆ ತೊಳಿ ಹೋಗು." ಅವರು ಮೊಹರು ಒತ್ತಿದರು. "ಮುಂದಿನೋರು ಬನ್ನಿ."

ಕೋಣೆಗೆ ವಾಪಸು ಬಂದು ಅವಳು ಅವನನ್ನು ಸ್ಟೂಲಿನ ಮೇಲೆ ಕೂರಿಸಿ ಹತ್ತಿಯ ಪಟ್ಟಿ ಬಿಚ್ಚಿದಳು. ಹೆಬ್ಬೆರಳಿಗೆ ಒಂದು ಸುತ್ತು, ಮಣಿಕಟ್ಟಿಗೆ ಮೂರು, ಗೆಣ್ಣುಗಳ ಮೇಲೆ ಮಡಿಕೆ ಮಡಿಕೆಯಾಗಿ. ಅವನ ಹತ್ತನೇ ವಯಸ್ಸಿನಿಂದ ಅವಳು ತೊಳೆದು ಬೆಳೆಸಿದ ಕೈಗಳವು.

"ಹೋಗಬೇಡ ಕಣೋ. ಬೇಕಾದ್ರೆ ರಸ್ತೇಲಿ ಮಲಗೋಣ."

"ರಸ್ತೇಲಿ ನೀನು ಮಲಗ್ತೀಯಾ, ಈ ಮೊಣಕಾಲಿಟ್ಕೊಂಡು? ಸುಮ್ನೆ ಕಟ್ಟು, ದೊಡ್ಡಮ್ಮ. ಮೂರು ಸುತ್ತು ತಾನೆ? ತಬ್ಬಿಕೊಂಡಾದ್ರೂ ಕಳೀತೀನಿ." ಆಮೇಲೆ ಕೇಳಿದ, "ಇವತ್ತು ಯಾವ ವಾರ?"

"ಭಾನುವಾರ."

"ಎದುರಾಳಿ ಯಾರು?"

"ಗರಗಸ. ಮರದ ಮಿಲ್ಲಿನೋನು."

"ಓ, ಅವನಾ. ಒಳ್ಳೆಯವನು. ಬಿದ್ದ ಮೇಲೆ ಹೊಡಿಯಲ್ಲ." ಅವನು ಕಣ್ಣು ಮುಚ್ಚಿದ. ಎಡಗೈ ಮುಗಿದು ಬಲಗೈಗೆ ಪಟ್ಟಿ ಹತ್ತುವಷ್ಟರಲ್ಲಿ ಮತ್ತೆ ಕೇಳಿದ, "ದೊಡ್ಡಮ್ಮ, ಇವತ್ತು ಯಾವ ವಾರ?"

ಅವಳ ಮೈಯೆಲ್ಲ ಕೆಂಡವಾಯಿತು. ಬಿಳಿ ಟೇಪನ್ನು ಹಲ್ಲಿನಲ್ಲಿ ಕತ್ತರಿಸಿ ಅವನ ಬಲ ಮಣಿಕಟ್ಟಿಗೆ ಅಂಟಿಸಿದಳು. ಪಟ್ಟಿ ಕಟ್ಟಿದವರೇ ಆ ಟೇಪಿನ ಮೇಲೆ ಆಟಗಾರನ ಹೆಸರು ಬರೆಯಬೇಕು, ಮಂಡಳಿಯ ಸಾಹೇಬರು ಬಂದು ಅದರ ಕೆಳಗೆ ಸಹಿ ಹಾಕಬೇಕು. ರಿಂಗಿನಲ್ಲಿ ಹೆಸರು ಕೂಗುವವನು ಗ್ಲೌಸು ತೊಡಿಸುವ ಮೊದಲು ಅದನ್ನೇ ನೋಡಿ ಕೂಗಬೇಕು. ಕೊನೇ ಗಳಿಗೆಯಲ್ಲಿ ಯಾರೂ ಆಳು ಬದಲಿಸಬಾರದೆಂದು ಮಂಡಳಿಯವರೇ ಮಾಡಿದ ಕಟ್ಟಳೆ.

ಅವಳು ಪೆನ್ನಿನ ಮುಚ್ಚಳ ತೆಗೆದಳು. ಆಸ್ಪತ್ರೆಯಲ್ಲಿ ಬ್ಯಾಂಡೇಜಿನ ತುದಿಗೆ ರೋಗಿಯ ಹೆಸರು ಬರೆದು ಬರೆದು ಅವಳ ಅಕ್ಷರ ದುಂಡಗಾಗಿತ್ತು. ನಿಧಾನವಾಗಿ, ಕೊಂಬು ಕಾಣುವಂತೆ ಬರೆದಳು: ಗುಡುಗು.

ಅವನು ಓದಲಿಲ್ಲ, ಓದಲು ಅವನಿಂದ ಆಗುತ್ತಿರಲಿಲ್ಲ. ಸಾಹೇಬರೂ ಓದಲಿಲ್ಲ. ಫೋನಿನಲ್ಲಿ ಯಾರೊಡನೆಯೋ ಮಾತಾಡುತ್ತ ಬಂದು, ಒಂದೇ ಕೈಯಲ್ಲಿ ಸಹಿ ಗೀಚಿ, ಮಾತಾಡುತ್ತಲೇ ಹೋದರು.

ಅವಳು ರಿಂಗಿನ ಮೂಲೆಯಲ್ಲಿ ಬಕೆಟ್ಟು ಹಿಡಿದು ನಿಂತಳು. ಎದುರು ಮೂಲೆಯಲ್ಲಿ ಗರಗಸ ಭುಜ ಕುಲುಕಿಸುತ್ತಿದ್ದ. ಎಷ್ಟು ತೊಳೆದರೂ ಅವನ ಕಿವಿಯ ರೋಮಗಳಲ್ಲಿ ಮರದ ಪುಡಿ ಉಳಿದಿರುತ್ತಿತ್ತು. ಕೂಗುವವನು ಮೈಕು ಹಿಡಿದು ಬಂದು ತಂಗಿಯ ಮಗನ ಬಲಗೈ ಮೇಲೆತ್ತಿ ಓದಿದ.

"ಈ ಕಡೆ, ಕಪ್ಪು ಚಡ್ಡಿಯಲ್ಲಿ... ಗುಡುಗು!"

ಹಿಂದಿನ ಬೆಂಚಿನಿಂದ ಯಾರೋ ಒಬ್ಬ ಅರಚಿದ. "ಲೇ, ಇವನು ಮೊನ್ನೆ ಸ್ಟ್ರೆಚರಲ್ಲಿ ಹೋದವನಲ್ವೇನೋ! ತಲೆ ಬೋಳಿಸಿದಾರೆ ಸೂಳೆಮಕ್ಕಳು!"

ಸೀಟಿ, ಕೇಕೆ, ಬೆಂಚು ಬಡಿಯುವ ಸದ್ದು. ಸಾಹೇಬರು ಎದ್ದು ಪುಸ್ತಕ ತಿರುವಿದರು. ಗುಡುಗು ಎಂಬ ಹೆಸರಿನ ಮುಂದೆ ಕೆಂಪು ಶಾಯಿ ಇತ್ತು. ಅವರ ಮುಖ ಬಿಳಚಿಕೊಂಡಿತು. ಇಷ್ಟು ಜನರ ಎದುರಿಗೆ, ಆ ಟೇಪಿನ ಮೇಲೆ ಹೆಸರಿನ ಕೆಳಗೆ ಇದ್ದದ್ದು ಅವರದೇ ಸಹಿ.

ಯಜಮಾನ ಹಗ್ಗ ದಾಟಿ ಬಂದು ಹಲ್ಲು ಕಿರಿದ. "ಏನಿಲ್ಲ ಸಾಹೇಬ್ರೆ, ಕೈತಪ್ಪು. ಮುದುಕಿಗೆ ಬರೆಯೋಕೆ ಬರಲ್ಲ." ಅವಳ ಕಡೆ ತಿರುಗಿ ತಗ್ಗಿದ ದನಿಯಲ್ಲಿ, "ತಪ್ಪು ಬರೆದೆ ಅಂತ ಹೇಳು. ಹೇಳಿದ್ರೆ ಕೋಣೆ ಉಳಿಯುತ್ತೆ."

ಕೂಗುವವನ ಮೈಕು ಇನ್ನೂ ತೆರೆದೇ ಇತ್ತು. ಅವನು ಅದನ್ನು ಅವಳ ಬಾಯಿಯ ಹತ್ತಿರ ಹಿಡಿದ. ಬೇಕೆಂದೇ ಹಿಡಿದನೋ, ಏನೋ.

"ನನಗೆ ಬರೆಯೋಕೆ ಚೆನ್ನಾಗೇ ಬರುತ್ತೆ," ಎಂದಳು ಪಟ್ಟಿಯಕ್ಕ. ಅವಳ ದನಿ ಹಾಲಿನ ನಾಲ್ಕೂ ಗೋಡೆಗೆ ಬಡಿದು ಬಂತು. "ಹನ್ನೊಂದು ದಿನದ ಹಿಂದೆ ಬಿದ್ದಿದ್ದು ಇವನೇ. ಬಿದ್ದಿದ್ದು ಇವನ ತಲೆ, ಹೆಸರಲ್ಲ. ತಪ್ಪು ಬರೆದಿರೋದು ನಿಮ್ಮ ಕಾರ್ಡಲ್ಲಿ. ಹಿಂದೆ ಬೇರೆ ಹೆಸರಲ್ಲಿ ಎದ್ದು ಬಂದವರ ಕೈಗೂ ನಾನೇ ಪಟ್ಟಿ ಕಟ್ಟಿದ್ದು. ಸಾಹೇಬ್ರು ಕೇಳಿದ್ರೆ ಒಬ್ಬೊಬ್ಬರನ್ನೂ ತೋರಿಸ್ತೀನಿ."

ಯಜಮಾನ ಅವಳ ಕೆನ್ನೆಗೆ ಹೊಡೆದ. ಬಕೆಟ್ಟು ಮಗುಚಿ ನೀರು ರಿಂಗಿನ ತುಂಬ ಹರಿಯಿತು. ಸಾಹೇಬರು ಎರಡೂ ಕೈ ಬೀಸಿ ಪಂದ್ಯ ನಿಲ್ಲಿಸಿದರು. ಹೊಡೆತದ ಬಗ್ಗೆ ಅವರು ಏನೂ ಅನ್ನಲಿಲ್ಲ. ಅವರಿಗೆ ಆ ಟೇಪು ಬೇಕಾಗಿತ್ತು. ಕತ್ತರಿ ತರಿಸಿ ತಾವೇ ಕತ್ತರಿಸಿ ಜೇಬಿಗಿಟ್ಟುಕೊಂಡರು.

ಹಿಂಬಾಗಿಲಿನ ಮೆಟ್ಟಿಲ ಮೇಲೆ ಬಿಸಿಲಿತ್ತು. ತಂಗಿಯ ಮಗ ಅವಳಿಗೆ ಬೆನ್ನು ಹಾಕಿ ಕೂತು ಉಳಿದ ಪಟ್ಟಿಯನ್ನು ಹಲ್ಲಿನಿಂದ ಹರಿಯುತ್ತಿದ್ದ.

"ನನ್ನ ಹೊಟ್ಟೆ ಮೇಲೆ ಹೊಡೆದೆಯಲ್ಲ, ಥೂ. ಎದುರಾಳಿ ಹೊಡೆದಿದ್ರೂ ಇಷ್ಟು ನೋಯ್ತಿರಲಿಲ್ಲ. ನಿನ್ನ ಯಾರು ಕೇಳಿದ್ರು? ಯಾರು ಕೇಳಿದ್ರು ನಿನ್ನ?"

"ಯಾರೂ ಕೇಳ್ಲಿಲ್ಲ," ಎಂದಳು ಅವಳು. ಕೆನ್ನೆ ಊದಿಕೊಂಡು ಮಾತು ಬಾಯಲ್ಲೇ ಹೊರಳಿತು.

ಯಜಮಾನನ ಗುಮಾಸ್ತ ಬಾಗಿಲಲ್ಲಿ ತಲೆ ಹಾಕಿ, ನಾಳೆ ಬೆಳಗ್ಗೆಯೊಳಗೆ ಕೋಣೆ ಖಾಲಿ ಮಾಡಬೇಕೆಂದು ಹೇಳಿದ. ಹೇಳಿದ ಮೇಲೂ ಹೋಗದೆ ತುಸು ನಿಂತ. "ಸಾಮಾನು ಹೊರೋಕೆ ನಮ್ಮಣ್ಣನ ತಳ್ಳುಗಾಡಿ ಇದೆ, ಅಕ್ಕ. ನಾನು ಹೇಳ್ದೆ ಅಂತ ಹೇಳ್ಬೇಡಿ," ಎಂದು ಒಳಗೆ ಸರಿದ.

ಸ್ವಲ್ಪ ಹೊತ್ತಿನ ಮೇಲೆ ಗರಗಸ ಅಂಗಿ ತೊಟ್ಟು ಹೊರಗೆ ಬಂದ. ಅವನ ಪಂದ್ಯವೂ ಹೋಗಿತ್ತು. ತೂಕ ಇಳಿಸಲು ಅವನೂ ಎರಡು ದಿನ ಉಪವಾಸವಿದ್ದವನೇ, ತುಟಿ ಒಡೆದಿತ್ತು. ಅವಳು ಬೈಗುಳಕ್ಕೆ ಕಾದು ಸೆರಗು ಮುಖಕ್ಕೆ ಎಳೆದುಕೊಂಡಳು. ಅವನು ಬೈಯಲಿಲ್ಲ. ಎರಡು ಮೆಟ್ಟಿಲು ಕೆಳಗೆ ಇಳಿದು, ಮನೆಯಿಂದ ತಂದಿದ್ದ ಊಟದ ಡಬ್ಬಿಯನ್ನು ಚೀಲದಿಂದ ತೆಗೆದು ತಂಗಿಯ ಮಗನ ಮುಂದೆ ಹಿಡಿದ.

ತಂಗಿಯ ಮಗ ಅದನ್ನು ನೋಡಿದ. ಬೇಡವೆನ್ನಲು ಅವನ ಹೊಟ್ಟೆ ಬಿಡಲಿಲ್ಲ. ಕೈ ಚಾಚಿದ. ಡಬ್ಬಿಯಿಂದ ಒಂದು ಗೇಣು ಆಚೆ, ಏನೂ ಇಲ್ಲದ ಗಾಳಿಯನ್ನು ಬೆರಳುಗಳು ಗಟ್ಟಿಯಾಗಿ ಹಿಡಿದವು.

ಗರಗಸ ಪಟ್ಟಿಯಕ್ಕನ ಮುಖ ನೋಡಿದ. ಆಮೇಲೆ ಕೆಳಗೆ ಕೂತು, ಆ ಮುಷ್ಟಿಯನ್ನು ಹಿಡಿದು, ಒಂದೊಂದೇ ಬೆರಳು ಬಿಡಿಸಿ, ಡಬ್ಬಿಯನ್ನು ಅಂಗೈಯೊಳಗೆ ಇಟ್ಟ.