ಇನೆಜಳ ರೈಫಲ್ಲಿಗೆ ರಬ್ಬರ್ ಬಿಲ್ಲೆ

ರಬ್ಬರ್ ಬಿಲ್ಲೆ ಬೇಕೇ ಬೇಕೆಂದು ಹಟ ಹಿಡಿದವಳು ಡಾರ್ಲಾ. ತನಗಾಗಿ ಏನನ್ನೂ ಕೇಳಿ ಅಭ್ಯಾಸವಿಲ್ಲದ ಐವತ್ತೆರಡರ ಹೆಂಗಸು, ಈ ಒಂದು ವಿಷಯಕ್ಕೆ ಮಾತ್ರ ಗಂಡನ ಬೆನ್ನು ಬಿಡಲಿಲ್ಲ.

"ಪ್ರತಿ ಸಲ ಗುಂಡು ಹಾರಿದಾಗ್ಲೂ ಒಳಗಿನ ಬೋಲ್ಟು ಹಿಂದಕ್ಕೆ ಹೋಗಿ ಕಬ್ಬಿಣಕ್ಕೆ ಬಡಿಯುತ್ತೆ, ವೆಂಡೆಲ್. ಹಳೇ ರೈಫಲ್ಲು. ಮಧ್ಯೆ ಪೆಟ್ಟು ತಡೆಯೋಕೆ ಒಂದು ರಬ್ಬರ್ ಬಿಲ್ಲೆ ಇದ್ರೆ ಇನ್ನಷ್ಟು ವರ್ಷ ಬಾಳುತ್ತೆ."

ವೆಂಡೆಲ್ ಅಡುಗೆಮನೆಯ ಮೇಜಿನ ಮೇಲೆ ಹಳೆಯ ಟವೆಲ್ ಹಾಸಿ ರೈಫಲ್ ಬಿಚ್ಚಿದ. ಬೋಲ್ಟು ಬಂದು ಬಡಿಯುವ ಜಾಗದಲ್ಲಿ ಕೂರಿಸಬೇಕಾದ ಕಪ್ಪು ಬಿಲ್ಲೆ ಹೆಬ್ಬೆಟ್ಟಿನ ಅಗಲವಿತ್ತು.

ಕಿಟಕಿಯ ಪಕ್ಕ ಕಾಫಿ ಕುಡಿಯುತ್ತಿದ್ದ ಡಾರ್ಲಾಳ ತಾಯಿ ಇನೆಜ್ ತಲೆಯಾಡಿಸಿದಳು. "ಇಷ್ಟು ವರ್ಷ ಅದು ಕಬ್ಬಿಣಕ್ಕೆ ಕಬ್ಬಿಣ ಬಡ್ಕೊಂಡೇ ಬದುಕಿದೆ. ನಾನೂ ನಿನ್ನ ಮಾವನ ಜೊತೆ ಹಂಗೇ ಬದುಕ್ದೆ. ನಮ್ಮಿಬ್ಬರ ಮಧ್ಯೆ ಯಾರು ರಬ್ಬರ್ ಇಟ್ಟಿದ್ರು?"

ವೆಂಡೆಲ್ ನಕ್ಕ.

"ನಗಬೇಡ. ಈ ರಬ್ಬರ್ ಒಡೆದು ಚೂರಾಗಿ ಒಳಗೆ ಸಿಕ್ಕಿಹಾಕ್ಕೊಂಡ್ರೆ? ರಿಪೇರಿ ಆಗೋ ತನಕ ಜಿಂಕೆ ಕಾಯ್ತಾ ನಿಂತಿರುತ್ತಾ?"

ಮಾಂಟಾನಾದ ಆ ಕಣಿವೆಯಲ್ಲಿ ಚಳಿಗಾಲಕ್ಕೆ ಬೇಟೆಯ ಮಾಂಸದಿಂದ ಮನೆಯ ಫ್ರೀಜರ್ ತುಂಬಿಸುತ್ತಿದ್ದವಳು ಇನೆಜ್. ಕಣ್ಣು ಮಂಜಾದ ಮೇಲೆ, ಮಗ ಗ್ಯಾರೆಟ್‌ನನ್ನು ಬಿಟ್ಟು ಮಗಳ ಕೈಗೆ ಆ ರೈಫಲ್ ಕೊಟ್ಟಿದ್ದಳು. ಊಟದ ಮೇಜಿನಲ್ಲಿ, ಎಲ್ಲರೆದುರು. ಬೇಡವೆನ್ನಲು ಡಾರ್ಲಾಳಿಗೆ ನಾಲಿಗೆ ಏಳಲಿಲ್ಲ. ಅಮ್ಮ ತನ್ನನ್ನು ಆರಿಸಿದ್ದು ಅದೇ ಮೊದಲು.

ಆಮೇಲೆ ತಿಳಿಯಿತು, ಗುಂಡು ಹಾರಿದಾಗ ರೈಫಲ್ ಭುಜಕ್ಕೆ ಕೊಡುವ ಒದೆತ ತನ್ನಿಂದ ತಡೆಯಲಾಗದ್ದು ಎಂದು. ಭುಜ ನೀಲಿಗಟ್ಟಿದ್ದನ್ನು ಹೇಗೋ ಸಹಿಸಿದಳು. ಆದರೆ ಟ್ರಿಗರ್ ಎಳೆಯುವ ಮೊದಲೇ ಕಣ್ಣು ಮುಚ್ಚಿಹೋಗುತ್ತಿತ್ತು, ಕೈ ತಾನಾಗಿ ಕೆಳಕ್ಕೆ ಜಗ್ಗುತ್ತಿತ್ತು. ಕಳೆದ ವರ್ಷ ಗಂಡು ಜಿಂಕೆಯೊಂದರ ಹಿಂಗಾಲು ಮುರಿದಿದ್ದು ಹಾಗೆಯೇ. ಅದು ಕುರುಚಲು ಗಿಡಗಳ ನಡುವೆ ಕಾಲೆಳೆಯುತ್ತ ಹೋಯಿತು. ವೆಂಡೆಲ್ ರಕ್ತದ ಜಾಡು ಹಿಡಿದು ಹೋಗಿ ಕೊನೆಗಾಣಿಸುವಾಗ ಹೊತ್ತು ಮುಳುಗಿತ್ತು. "ರೈಫಲ್ ಹಳೇದಾಯ್ತು ಅಮ್ಮ, ಒಳಗೆಲ್ಲ ಸಡಿಲ" ಎಂದು ಡಾರ್ಲಾ ಅಂದೇ ಹೇಳಿಬಿಟ್ಟಳು. ಹೇಳಿದ ಸುಳ್ಳಿಗೊಂದು ಆಧಾರ ಬೇಕಲ್ಲ. ಅದಕ್ಕೇ ಈ ಬಿಲ್ಲೆ.

ಬಿಲ್ಲೆ ಕೂರಿಸುತ್ತ ವೆಂಡೆಲ್ ಮೆಲ್ಲಗೆ ಹೇಳಿದ, "ಭುಜಕ್ಕೆ ಇದರಿಂದ ಅಂಥ ವ್ಯತ್ಯಾಸ ಏನೂ ಆಗಲ್ಲ, ಡಾರ್ಲಾ."

"ಭುಜದ ಮಾತು ಯಾರೆತ್ತಿದ್ರು ಈಗ?"

ಬೇಟೆಯ ಕಾಲ ಶುರುವಾಗುವ ಹಿಂದಿನ ವಾರ ಎಲ್ಲರೂ ಜಲ್ಲಿ ಅಗೆದ ಗುಂಡಿಗೆ ಹೋಗಿ ಗುರಿ ನೋಡಿಕೊಳ್ಳುವುದು ವಾಡಿಕೆ. ಇನೆಜ್ ಪಿಕಪ್‌ನಲ್ಲಿ ಕಾಲಿಗೆ ಕಂಬಳಿ ಹೊದ್ದು, ಗಾಜು ಇಳಿಸಿ ಕೂತಳು. ಗ್ಯಾರೆಟ್ ಅಕ್ಕನ ರೈಫಲ್ಲಿಗೆ ಗುಂಡು ತುಂಬಿಸಿ ಕೊಟ್ಟ.

"ಕಿವಿ ಮುಚ್ಕೊಳ್ರಪ್ಪ, ನಮ್ಮಕ್ಕ ಗುಡ್ಡ ಉರುಳಿಸ್ತಾಳೆ!"

ಮೊದಲ ಗುಂಡು ಗುರಿಗೆ ನೆಟ್ಟ ಕಾಗದದ ಅಂಚಿಗೆ ತಾಕಿತು. ಡಾರ್ಲಾ ಮತ್ತೆ ಗುರಿಯಿಟ್ಟಳು, ಹಲ್ಲು ಕಚ್ಚಿ ಟ್ರಿಗರ್ ಎಳೆದಳು.

ಟಕ್ ಎಂದಿತು, ಅಷ್ಟೇ. ಗುಂಡು ಹಾರಲಿಲ್ಲ, ಒದೆತ ಬರಲಿಲ್ಲ. ಆದರೆ ಅವಳ ಭುಜ ಒದೆಸಿಕೊಂಡಂತೆ ಎಗರಿತ್ತು, ನಳಿಕೆ ನೆಲಕ್ಕೆ ಮುಖ ಮಾಡಿತ್ತು, ಎರಡು ಕಣ್ಣೂ ಬಿಗಿಯಾಗಿ ಮುಚ್ಚಿದ್ದವು. ಅವು ತೆರೆದಾಗ ಕಂಡದ್ದು ತಮ್ಮನ ಮುಖ. ಗುಂಡುಗಳ ನಡುವೆ ಮದ್ದಿಲ್ಲದ ಒಂದನ್ನು ಸೇರಿಸಿ ತಮಾಷೆ ನೋಡುವುದು ಬೇಟೆಗಾರರ ಹಳೆಯ ಚಾಳಿ. ಕೈ ಗಟ್ಟಿಯಿದ್ದರೆ ನಳಿಕೆ ಅಲುಗದು. ನಗಲೆಂದು ತೆರೆದ ಬಾಯನ್ನು ಗ್ಯಾರೆಟ್ ಹಾಗೇ ಮುಚ್ಚಿಕೊಂಡ.

"ಏನಾಯ್ತು?" ಪಿಕಪ್‌ನಿಂದ ಇನೆಜ್ ಕೂಗಿದಳು. "ಆ ರಬ್ಬರ್ ಸಿಕ್ಕಿಹಾಕ್ಕೊಂಡಿತಾ?"

"ಹೂಂ ಅಮ್ಮ, ಸಿಕ್ಕಿಹಾಕ್ಕೊಂಡಿತು." ಹೇಳಿದವಳು ಡಾರ್ಲಾಳೇ.

ಗಂಡ ಅವಳನ್ನೊಮ್ಮೆ ನೋಡಿದ. ರೈಫಲ್ ಖಾಲಿ ಮಾಡಿ, ಬಿಚ್ಚಿ, ಬಿಲ್ಲೆ ತೆಗೆದು ಅತ್ತೆಯ ಅಂಗೈಗೆ ಹಾಕಿದ. ಇನೆಜ್ ಅದನ್ನು ಬೆರಳಲ್ಲಿ ತಿರುಗಿಸಿ ತಿರುಗಿಸಿ ಸವರಿದಳು.

"ಒಂದು ಗೀರೂ ಇಲ್ವಲ್ಲ. ಸಿಕ್ಕಿದ್ದು ಹೇಗೆ?"

"ನಾನೇ ಸರಿಯಾಗಿ ಕೂರಿಸಿರಲಿಲ್ಲ, ಇನೆಜ್."

"ಊರವರ ಟ್ರ್ಯಾಕ್ಟರೆಲ್ಲ ಬಿಚ್ಚಿ ಕಟ್ತೀಯ, ಇಷ್ಟು ಸಣ್ಣ ರಬ್ಬರ್ ಕೂರಿಸೋಕೆ ಬರಲಿಲ್ವಾ? ಕೈಗೇನು ಲಕ್ವ ಹೊಡೆದಿತ್ತಾ?"

ವೆಂಡೆಲ್ ಟೋಪಿ ತೆಗೆದು ತಲೆ ಕೆರೆದುಕೊಂಡ. ಡಾರ್ಲಾಳ ಕಿವಿ ಸುಡತೊಡಗಿತು. ಮೊದಲು ತನ್ನ ತಪ್ಪನ್ನು ರೈಫಲ್ಲಿನ ಮೇಲೆ ಹಾಕಿದಳು, ಈಗ ಗಂಡನ ಮೇಲೆ. ಅವನು ಅದನ್ನು ಹೊತ್ತುಕೊಂಡು ನಿಂತಿದ್ದಾನೆ.

"ಅಮ್ಮ, ಅವರದ್ದೇನೂ ತಪ್ಪಿಲ್ಲ. ಗ್ಯಾರೆಟ್ ಮದ್ದಿಲ್ಲದ ಗುಂಡು ಹಾಕಿದ್ದ. ಏನೂ ಹಾರಲಿಲ್ಲ. ನಾನೇ ಬೆಚ್ಚಿಬಿದ್ದೆ."

"ಎಷ್ಟು?"

"ನಳಿಕೆ ನೆಲ ನೋಡೋ ಅಷ್ಟು."

ಇನೆಜ್ ಬಿಲ್ಲೆಯನ್ನು ಮುಷ್ಟಿಯೊಳಗೆ ಮುಚ್ಚಿದಳು. "ಹೋದ ವರ್ಷದ ಆ ಗಂಡು ಜಿಂಕೆ?"

"ಅದೂ ಹೀಗೇ."

"ಪಾಪದ ಪ್ರಾಣಿ ಹೊತ್ತು ಮುಳುಗೋ ತನಕ ಕುಂಟಿತು. ನೀನು ರೈಫಲ್ ಸಡಿಲ ಅಂದೆ."

"ನಿನಗೆ ಹೇಗೆ ಹೇಳಲಿ ಅಮ್ಮ?"

"ಬಾಯಲ್ಲಿ."

ಗ್ಯಾರೆಟ್ ಜಲ್ಲಿ ಒದೆಯುತ್ತ ದೂರ ಹೋದ. ಏನಾದರೊಂದು ಮಾತಾಡಬೇಕಲ್ಲ ಎಂದು ವೆಂಡೆಲ್ ಹೆಂಡತಿಯತ್ತ ತಿರುಗಿದ. "ಹಾಗಾದ್ರೆ ಬಿಲ್ಲೆ ವಾಪಸ್ ಹಾಕಲಾ, ಬೇಡ್ವಾ?"

ಉತ್ತರ ಬಂದದ್ದು ಇನೆಜಳಿಂದ. "ಅವಳನ್ನ ಯಾಕೆ ಕೇಳ್ತೀಯ? ಇನ್ಮೇಲೆ ಅದನ್ನ ಹೊತ್ಕೊಂಡು ಹೋಗೋನು ನೀನು. ಬೇಕಿದ್ರೆ ಹಾಕ್ಕೋ, ಬೇಡದಿದ್ರೆ ಎಸಿ." ಬಿಲ್ಲೆಯನ್ನು ಅವನ ದನಿ ಬಂದತ್ತ ಚಾಚಿದಳು.

ವೆಂಡೆಲ್ ಅದನ್ನು ಜೇಬಿಗಿಳಿಸಿದ. ಡಾರ್ಲಾ ಹಿಂದಿನ ಸೀಟಿಗೆ ಹೋಗಿ ಕುಳಿತಳು. ಅಳು ಬರುತ್ತದೆಂದು ಕಾದಳು, ಬರಲಿಲ್ಲ. ಬಂದದ್ದು ಎದೆ ತುಂಬಾ ನಿರಾಳ. ಅಮ್ಮ ಕೊಟ್ಟದ್ದನ್ನು ಅಮ್ಮನೇ ಕಿತ್ತುಕೊಂಡ ಗಳಿಗೆಯಲ್ಲಿ ಇಂಥ ನಿರಾಳವೇ! ಮುಂದೆ ಕೂತ ಅಮ್ಮನಿಗೆ ಅದು ಕಾಣದೆಂದು ಗೊತ್ತಿದ್ದೂ ಅವಳು ಮುಖವನ್ನು ಆಚೆ ತಿರುಗಿಸಿಕೊಂಡಳು.